ಡ್ರೈವರಮ್ಮ ಕಂಡ ಹಗಲಿನ ಪತಂಗ

ಬಸ್ಸು ಓಡಿಸುತ್ತಿದ್ದವಳಿಗೆ ಬಲಗಣ್ಣಿನ ದೃಷ್ಟಿ ಹೋಯಿತು, ಸ್ಟಿಯರಿಂಗೂ ಕೈತಪ್ಪಿತು. ಡ್ರೈವರಮ್ಮ ಅನ್ನುವ ಹೆಸರು ಮಾತ್ರ ಹಾಗೇ ಉಳಿಯಿತು. ಡಿಪೋದವರು ಅವಳನ್ನು ವಿಚಾರಣೆಯ ಕಿಟಕಿಯ ಹಿಂದೆ ಕೂರಿಸಿದರು. ಮನೆಯಲ್ಲಿ ಅಕ್ಕ ಸೋಫಾದ ಮೇಲೆ ಕೂರಿಸಿದಳು. ಒಲೆ ಹತ್ತಿರ ಹೋಗಬೇಡ, ಮೆಟ್ಟಿಲು ಇಳಿಯಬೇಡ, ರಸ್ತೆ ದಾಟಬೇಡ. ನೀರಿನ ಲೋಟ ಕೊಡುವಾಗಲೂ "ಇಲ್ಲಿದೆ, ಇಲ್ಲಿ" ಎಂದು ಎಳೆಮಗುವಿಗೆ ಹೇಳಿದಂತೆ ಹೇಳುತ್ತಿದ್ದಳು. ಡ್ರೈವರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳಿಗೊಂದು ಹಳೆಯ ಹುಚ್ಚು. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರು ಚಹಾಕ್ಕೆ ಹೋದರೆ ಇವಳು ಪಕ್ಕದ ಪಾರ್ಕಿನ ಬೇಲಿಯ ಗಿಡಗಳಲ್ಲಿ ಪತಂಗ ಹುಡುಕುತ್ತಿದ್ದಳು. ಹಗಲಲ್ಲೇ ಹಾರುವ, ಬಣ್ಣಬಣ್ಣದ ಜಾತಿಯೊಂದು ಅಲ್ಲಿದೆಯೆಂದು ಪಾರ್ಕಿನ ಮಾಲಿ ಯಾವತ್ತೋ ಹೇಳಿದ್ದ. ಅದಿನ್ನೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ರಜೆಯ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿದಳು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೇ ಹೊರಟೆ?"

"ಕೊನೇ ಸ್ಟಾಪಿಗೆ. ಪತಂಗ ನೋಡೋಕೆ."

"ಹುಳ ನೋಡೋಕೆ ಬೀದಿ ಸುತ್ತುತೀಯಾ? ಇರೋ ಒಂದು ಕಣ್ಣೂ ಹೋದ್ರೆ?"

"ಹೋಗೋದ್ರೊಳಗೆ ನೋಡ್ಬಿಡ್ತೀನಿ. ಜರುಗು, ಅಕ್ಕ."

ಅಕ್ಕ ಜರುಗಲಿಲ್ಲ. ಡ್ರೈವರಮ್ಮ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಬಿದ್ದಳು. ರಸ್ತೆ ದಾಟುವಾಗ ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಿ ನೋಡಿದಳು. ಹಾರ್ನ್ ಹೊಡೆದ ಕಾರಿನವನನ್ನು ದುರುಗುಟ್ಟಿ ನೋಡಿ, ಬೇಕೆಂದೇ ಇನ್ನಷ್ಟು ನಿಧಾನವಾಗಿ ದಾಟಿದಳು. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರೆ ಬೇಡವೆಂದು ಕಂಬಿ ಹಿಡಿದು ನಿಂತೇ ಹೋದಳು.

ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬಿಸಿಲೇರಿತು. ಒಂಟಿ ಕಣ್ಣಿಗೆ ಎಲೆ ಹತ್ತಿರವೋ ದೂರವೋ ತಿಳಿಯುತ್ತಿರಲಿಲ್ಲ. ಏನೋ ಮಿನುಗಿತೆಂದು ಹೋಗಿ ನೋಡಿದರೆ ಬಿಸ್ಕತ್ತಿನ ಕಾಗದ! ತನ್ನಷ್ಟಕ್ಕೆ ತಾನೇ ನಕ್ಕಳು. ತಲೆಯೆತ್ತಿದಾಗ ಬಿಳಿ ಹೂಗೊಂಚಲ ಮೇಲೆ ಅದು ಕೂತಿತ್ತು. ಕಪ್ಪು ರೆಕ್ಕೆಯ ತುಂಬ ಹಳದಿ, ಬಿಳಿ ಬೊಟ್ಟುಗಳು. ಕೆಂಡದಂಥ ಹೊಟ್ಟೆಗೆ ಕಪ್ಪು ಪಟ್ಟೆಗಳು. ಬೆನ್ನ ಮೇಲೆ ನೀಲಿ ಹೊಳಪು. ನಟ್ಟನಡು ಬಿಸಿಲಲ್ಲಿ, ಯಾರ ಹಂಗೂ ಇಲ್ಲದೆ ಮಕರಂದ ಹೀರುತ್ತಿತ್ತು. ಅವಳು ಉಸಿರು ಬಿಗಿಹಿಡಿದಳು. ಕಣ್ಣು ತುಂಬಿ ಬಂದರೂ ರೆಪ್ಪೆ ಮಿಟುಕಿಸಲಿಲ್ಲ.

ಅಷ್ಟರಲ್ಲಿ ಸ್ಕೂಟರ್ ಸದ್ದು. ಅಕ್ಕ ಕಳಿಸಿದ ತಮ್ಮ.

"ಅಕ್ಕ ಅಳ್ತಾ ಕೂತಿದಾಳೆ, ನಡಿ ಮನೆಗೆ!"

"ಶ್! ಬಾಯಿ ಮುಚ್ಕೊಂಡು ಕೂತ್ಕೋ."

ಕೂತ. ಕಂಡ. ಬಿಟ್ಟ ಬಾಯಿ ಮುಚ್ಚದೆ ಕರವಸ್ತ್ರ ತೆಗೆದ. "ಹಿಡ್ಕೊಂಡು ಹೋಗೋಣ. ಮನೇಲೇ ನೋಡ್ಕೊಂಡಿರು."

ಅವನ ಕೈಗೆ ಪಟ್ಟೆಂದು ಏಟು ಬಿತ್ತು.

"ನನ್ನ ಕೂಡಿಹಾಕಿದ್ದು ಸಾಲ್ದಾ?"

ತಮ್ಮ ಕರವಸ್ತ್ರ ಮಡಚಿ ಜೇಬಿಗಿಟ್ಟ. ಪತಂಗ ಎದ್ದು ಬೇಲಿಯ ಉದ್ದಕ್ಕೂ ಸಾಗಿತು. ಡ್ರೈವರಮ್ಮನೂ ಹಿಂದೆ ಹೊರಟಳು. ಮುಳ್ಳು ತಾಗಿ ತೋಳು ಗೀರಿತು, ಅವಳು ನಿಲ್ಲಲಿಲ್ಲ.

ಮನೆಗೆ ಬಂದಾಗ ಅಕ್ಕ ಗಾಯ ನೋಡಿ ರೇಗಿದಳು. ಔಷಧಿ ಹಚ್ಚುತ್ತಾ, "ಇವತ್ತಿಗೆ ಮುಗೀತಲ್ಲ ನಿನ್ನ ಹುಚ್ಚು?" ಎಂದಳು.

"ಮುಂದಿನ ರಜೆಗೆ ಮತ್ತೆ ಹೋಗ್ತೀನಿ. ಬೇಕಾದ್ರೆ ನೀನೂ ಬಾ. ತಡೆಯೋಕೆ ಮಾತ್ರ ಬರಬೇಡ."

ಅಕ್ಕ ಮುಖ ಊದಿಸಿಕೊಂಡಳು. ಮುಂದಿನ ರಜೆಗೆ ಡ್ರೈವರಮ್ಮ ಹೋದಳು, ಒಬ್ಬಳೇ.