ಕೆಳಗಿನ ನಳ

ನವಲಗುಂದದ ಕಡೆ ಎರೆಭೂಮಿ. ಬಾವಿ ತೋಡಿದರೆ ಸವುಳು ನೀರು. ಕುಡಿಯಲು ಕೆರೆಯೊಂದೇ ಗತಿ. ಊರವರು ಚಪ್ಪಲಿ ಬಿಟ್ಟು ಇಳಿಯುತ್ತಿದ್ದ ಆ ಕೆರೆಗೆ ನಮ್ಮ ಕೇರಿಯವರು ಬರಿಗಾಲಲ್ಲೂ ಇಳಿಯುವಂತಿರಲಿಲ್ಲ. ಅವ್ವ ಏರಿಯ ಮೇಲೆ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ಯಾರಿಗಾದರೂ ಮನಸ್ಸು ಬಂದರೆ ಕೊಡ ಮುಟ್ಟದ ಹಾಗೆ ಮೇಲಿನಿಂದ ಸುರಿಯುತ್ತಿದ್ದರು. ಹೆಚ್ಚಾಗಿ ಗೌಡರ ಮನೆಯ ಸೊಸೆ ಸುರಿಯುತ್ತಿದ್ದಳು. ಕೆಟ್ಟ ಹೆಂಗಸಲ್ಲ. ಆದರೆ ಅವಳ ಒಳ್ಳೆಯತನಕ್ಕಾಗಿ ಅವ್ವ ಬಿಸಿಲಲ್ಲಿ ಕಾಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಆಗ ನಾನು ಮದುವೆಯ ವಯಸ್ಸಿನ ಹುಡುಗಿ.

ಎಂಬತ್ತರ ದಶಕದ ನಡುವೆ ಊರಿಗೆ ಒಬ್ಬ ಎಂಜಿನಿಯರು ಬಂದರು. ಕೆರೆ ಏರಿಯ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಾರಂತೆ. ಗಾಳಿಗೆ ಚಕ್ರ ತಿರುಗಿ ನೀರು ತಾನೇ ಟಾಕಿಗೆ ಏರುತ್ತದಂತೆ. ಡೀಸೆಲ್ ಬೇಡ, ಬಂದು ಹೋಗುವ ಕರೆಂಟಿನ ಹಂಗೂ ಇಲ್ಲ.

"ಗಾಳಿ ನಿಮ್ಮೂರಿಂದು. ಟಾಕಿ ಎಲ್ಲಿ, ನಳ ಎಲ್ಲಿ, ಚಕ್ರಕ್ಕ ಎಣ್ಣಿ ಯಾರು ಹಾಕೋದು, ಎಲ್ಲಾ ನೀವ ಕೂತು ಠರಾಯಿಸ್ರಿ" ಎಂದರು.

ಊರು ಕೂತಿತು. ನಾವು ಕಟ್ಟೆಯ ಕೆಳಗೆ ನಿಂತೆವು. ಇಳಿದವರ ಕಾಲಿಂದ ನೀರಿಗೆ ಹರಡುವ ನಾರುಹುಣ್ಣಿನ ಹೆದರಿಕೆಗೆ ಇನ್ನು ಯಾರೂ ಕೆರೆಗೆ ಇಳಿಯಬಾರದು, ಸುತ್ತ ಮುಳ್ಳುಬೇಲಿ ಹಾಕಬೇಕು ಎಂದು ನಿಶ್ಚಯವಾಯಿತು. ಆಗ ಸಭೆಯಲ್ಲಿ ಎಂದೂ ಬಾಯಿ ತೆರೆಯದ ಅವ್ವ, "ನಮಗೂ ಒಂದು ನಳ ಬೇಕ್ರಿ" ಎಂದಳು. ಗುಜುಗುಜು ಎದ್ದಿತು. ಕಡೆಗೆ ಹಿರಿಯರೊಬ್ಬರು, "ಕೊಡೂಣು. ಆದ್ರ ನಮ್ಮ ಸರಿಸಮ ಬ್ಯಾಡ. ಹಿಂದಿನ ಬಾಜು, ಅಗದಿ ಕೆಳಗ ಇರ್ಲಿ" ಎಂದರು. ಎಂಜಿನಿಯರು ಹಾಗೆಯೇ ಬರೆದುಕೊಂಡರು.

ಹಾಗೆ ಊರವರ ನಳ ಟಾಕಿಯ ಮುಂದೆ, ಎದೆಯ ಮಟ್ಟಕ್ಕೆ ಬಂತು. ನಮ್ಮದು ಹಿಂದೆ, ಟಾಕಿಯ ತಳಕ್ಕೆ ಹತ್ತಿಕೊಂಡು. ಕುಕ್ಕರಗಾಲಲ್ಲಿ ಕೂತು ನೀರು ಹಿಡಿಯಬೇಕು. ಆದರೂ ಅವ್ವ ಇನ್ನು ಯಾರ ದಾರಿಯನ್ನೂ ಕಾಯಬೇಕಿರಲಿಲ್ಲ.

ಮಳೆಗಾಲವೆಲ್ಲ ಗಾಳಿ ಭರ್ರೆಂದು ಬೀಸಿ ಟಾಕಿ ತುಂಬಿ ಹರಿಯಿತು. ದೀಪಾವಳಿಯ ಹೊತ್ತಿಗೆ ಗಾಳಿ ಬಿದ್ದುಹೋಯಿತು. ಚಕ್ರ ನಿಂತಿತು. ಟಾಕಿಯ ನೀರು ಇಳಿಯುತ್ತಾ ಹೋಗಿ ಮೇಲಿನ ನಳ ಒಣಗಿತು. ತಳದಲ್ಲಿ ಉಳಿದ ನೀರು ನಮ್ಮ ನಳದಲ್ಲಿ ಮಾತ್ರ ಬರುತ್ತಿತ್ತು. ನಮ್ಮನ್ನು ಕೆಳಗಿಡಲು ಹೋಗಿ ಊರೇ ಮಾಡಿಕೊಂಡ ಕೆಲಸ. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಮರುದಿನ ಗೌಡರ ಸೊಸೆ ಖಾಲಿ ಕೊಡ ಹಿಡಿದು ಹಿಂದಿನ ಬದಿಗೆ ಬಂದು ದೂರ ನಿಂತಳು. ನಿಲ್ಲಲಿ, ಕಾಯುವುದು ಏನೆಂದು ಗೊತ್ತಾಗಲಿ ಅಂದುಕೊಂಡೆ. ಅವ್ವ ಮಾತ್ರ ಅರ್ಧ ತುಂಬಿದ ಕೊಡ ಎತ್ತಿಕೊಂಡು ಸರಿದು, "ಬರ್ರಿ ಅವ್ವಾರ, ತುಂಬ್ಕೋರಿ" ಎಂದಳು.

ಸೊಸೆ ಬಾಗಿ, ಸೆರಗಿನ ಚುಂಗಿನಿಂದ ನಳ ತಿರುಗಿಸಿದಳು. ಬೊಗಸೆಯಲ್ಲಿ ನೀರು ಹಿಡಿದು, ಅವ್ವ ಮುಟ್ಟಿದ್ದ ಆ ನಳವನ್ನು ತೊಳೆಯಲು ಕೈ ಎತ್ತಿದಳು.

"ತೊಳೀಬ್ಯಾಡ್ರಿ ಅವ್ವಾರ" ಎಂದಳು ಅವ್ವ, ಮೆತ್ತಗೆ. "ಗಾಳಿ ಇಲ್ಲ. ಇರೂದು ಇಷ್ಟ ನೀರು. ಹಿಂದ ಇನ್ನೂ ಮಂದಿ ಅದಾರ."

ಸೊಸೆಯ ಕೈ ಅಲ್ಲೇ ನಿಂತಿತು. ಅವಳು ಆ ಬೊಗಸೆ ನೀರನ್ನು ತನ್ನ ಕೊಡದೊಳಗೇ ಬಿಟ್ಟಳು.