ಮಾವ ಟವೆಲ್ ಕೆಳಗೆ ಕೊಟ್ಟ ಮಾರ್ಕು

ನಮ್ಮ ಮಾವ ಚಿಕ್ಕೇಗೌಡರು ಯಾವುದನ್ನೂ ಮೊದಲು ಮುಂದಿನಿಂದ ನೋಡಿದವರಲ್ಲ. ಎತ್ತಾಗಲಿ, ಟ್ರಾಕ್ಟರಾಗಲಿ, ಮನೆಗೆ ಬಂದ ನೆಂಟರೇ ಆಗಲಿ, ಒಂದು ಸುತ್ತು ಹಾಕಿ ಹಿಂದೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಬಿಂಡಿಗನವಿಲೆ ಕಡೆಯವರು. ನಾಗಮಂಗಲ, ಕೆ.ಆರ್. ಪೇಟೆ ಸುತ್ತಿನ ದನದ ಸಂತೆಗಳಲ್ಲಿ ಎತ್ತಿನ ದಲ್ಲಾಳಿಯಾಗಿ ಆಯಸ್ಸು ಕಳೆದವರು. ರೂಪ, ಕಟ್ಟು, ನಡೆ ಮೂರನ್ನೂ ನೋಡಿ ಅವರೊಂದು ತೀರ್ಮಾನ ಹೇಳಿದರೆ ಸಂತೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲವಂತೆ. ಆ ಕಣ್ಣು ಎತ್ತಿನ ಮೇಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ನನ್ನ ಕಾರುಗಳ ಮೇಲೆ ಬಿತ್ತಲ್ಲ, ಅದು ನನ್ನ ಗ್ರಹಚಾರ.

ಕಾರು ಅಂದರೆ ಅಂಗೈಯಷ್ಟುದ್ದದ ಸ್ಲಾಟ್ ಕಾರು. ನಾನು ಪಾಂಡವಪುರದ ಐಟಿಐ ಒಂದರಲ್ಲಿ ಫಿಟ್ಟರ್ ಕೆಲಸ ಕಲಿಸುವ ಮೇಷ್ಟ್ರು. ಮಹಡಿಯ ಕೋಣೆಯಲ್ಲಿ ಪ್ಲೈವುಡ್ ಹಲಗೆ ಜೋಡಿಸಿ ಟ್ರ್ಯಾಕ್ ಮಾಡಿಕೊಂಡಿದ್ದೇನೆ. ಟ್ರ್ಯಾಕಿನ ಉದ್ದಕ್ಕೂ ಒಂದು ಸೀಳು, ಅದರ ಎರಡೂ ಬದಿಗೆ ಕರೆಂಟು ಹರಿಯುವ ತಾಮ್ರದ ಪಟ್ಟಿ. ಕಾರಿನ ಮೂತಿಯ ಕೆಳಗಿನ ಕಡ್ಡಿ ಸೀಳಿಗೆ ಕೂತರೆ, ಕೈಯಲ್ಲಿನ ಟ್ರಿಗರ್ ಒತ್ತಿದಷ್ಟೂ ಓಡುತ್ತದೆ. ತಿರುವಿನಲ್ಲಿ ಆಸೆ ಜಾಸ್ತಿಯಾಯಿತೋ, ಹಾರಿ ಗೋಡೆಗೆ ಬಡಿಯುತ್ತದೆ. ಅಡಿಯ ಷಾಸಿ ಕತ್ತರಿಸುವವನೂ ನಾನೇ, ಮೇಲೆ ಬಣ್ಣ ಬಳಿಯುವವನೂ ನಾನೇ. ದಿನವೂ ವರ್ನಿಯರ್ ಹಿಡಿದು ಕೂದಲೆಳೆ ಅಳೆಯುವ ನನಗೆ ಎತ್ತಿನ ದಲ್ಲಾಳಿಯ ಸರ್ಟಿಫಿಕೇಟು ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಬೇಕಿತ್ತು, ಏನು ಮಾಡಲಿ!

ಮೊದಲ ಕಾರು ತೋರಿಸಿದಾಗ ಮಾವ ಹಿಂದೆ ಕೂತು ನಾಲ್ಕು ಸುತ್ತು ನೋಡಿದರು. ಆಮೇಲೆ ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಕಿದರು. ಸಂತೆಯಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಮಾವ ಅದೇ ರೀತಿ ನನಗೆ ಮಾರ್ಕು ಕೊಟ್ಟರು. ಐದು ಬೆರಳಿಗೆ ಎರಡೇ ಬೆರಳು.

“ಮಿಕ್ಕಿದ್ದು ಮೂರು ಎಲ್ಲಿ ಹೋಯ್ತು ಮಾವ? ಬಾಯಿಬಿಟ್ಟು ಹೇಳಿ.”

“ಶ್! ಅದ್ರ ಮುಂದೆ ಐಬು ಆಡ್ಬಾರ್ದು ಅಳೀಮಯ್ಯ. ಕೇಳುಸ್ಕಂಬುಡ್ತದೆ.”

ನನ್ನ ರಟ್ಟೆ ಹಿಡಿದು ಕೋಣೆಯಿಂದಾಚೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಪಿಸುಗುಟ್ಟಿದರು: “ಹಿಂದ್ಲ ಎಡಗಾಲು ಎಳೀತದೆ ಕಣಿ.”

ಪ್ಲಾಸ್ಟಿಕ್ಕಿಗೆ ಕಿವಿಯಂತೆ, ಚಕ್ರಕ್ಕೆ ಕಾಲಂತೆ! ನಗುತ್ತಲೇ ಸಂಜೆ ಹಿಂದಿನ ಚಕ್ರಗಳ ಅಚ್ಚು ಬಿಚ್ಚಿ ಗಾಜಿನ ಮೇಲೆ ಉರುಳಿಸಿದೆ. ಎಡಗಡೆ ಕೂದಲೆಳೆಯಷ್ಟು ಬಗ್ಗಿತ್ತು. ನಗು ಅಲ್ಲಿಗೇ ನಿಂತಿತು. ಯಾರಿಗೂ ಹೇಳಲಿಲ್ಲ.

ಹೆಂಡತಿ ಸವಿತಾಳ ಹತ್ತಿರ ಗೊಣಗಿದರೆ ಅವಳು ಬಟಾಣಿ ಸುಲಿಯುತ್ತಲೇ, “ನಿಮ್ಗೇ ಮೂರೂವರೆ ಕೊಟ್ಟಿದ್ರು. ಆ ಕಾರಿಗೆ ಎರಡು ಬಂದಿದ್ದೇ ಹೆಚ್ಚು ಬುಡಿ,” ಅಂದಳು. ಆಗ ನೆನಪಾಯಿತು. ಹೆಣ್ಣು ನೋಡಲು ಹೋದ ದಿನ ಮಾವ, “ಹಿತ್ತಲಲ್ಲಿ ಹೊಸ ಕರ ಅದೆ, ನೋಡ್ಕಂಬನ್ನಿ,” ಅಂತ ನನ್ನನ್ನು ಒಬ್ಬನನ್ನೇ ಕಳಿಸಿದ್ದರು. ಹಿತ್ತಲಲ್ಲಿ ಯಾವ ಕರುವೂ ಇರಲಿಲ್ಲ. ತಿರುಗಿ ನೋಡಿದರೆ ಇವರು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಆಮೇಲೆ ತಮ್ಮನ ಕೈ ಮೇಲೆ ಟವೆಲ್ ಹಾಕಿ ಮೂರೂವರೆ ಬೆರಳು ಹಿಡಿದಿದ್ದರಂತೆ. ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ನನಗೆ ಗೊತ್ತಾದ ಸಂಗತಿ ಇದು!

ಅವತ್ತೇ ಹಟ ಹಿಡಿಯಿತು. ನನಗಂತೂ ಸಿಗಲಿಲ್ಲ, ನನ್ನ ಒಂದು ಕಾರಿಗಾದರೂ ಈ ಮನುಷ್ಯನಿಂದ ಐದು ಬೆರಳು ಹಿಡಿಸಲೇಬೇಕು.

ಮುಂದಿನದು ನೀಲಿ ಕಾರು. ಆರು ಕೋಟು ಬಣ್ಣ, ಮುಖ ನೋಡಿಕೊಳ್ಳಬಹುದಾದಂಥ ಹೊಳಪು. ಶ್ರೀರಂಗಪಟ್ಟಣದ ನನ್ನ ಗೆಳೆಯ ನಯಾಜ್ ತನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಮೇಲೆ ದೊಡ್ಡ ಟ್ರ್ಯಾಕ್ ಹಾಕಿ ರೇಸ್ ಇಟ್ಟಿದ್ದ, ಮೈಸೂರಿನವರೂ ಬರುವವರಿದ್ದರು. ಹಿಂದಿನ ದಿನ, ನಮ್ಮನೆಗೆ ಬಂದಿದ್ದ ಮಾವನಿಗೆ ತೋರಿಸಿದೆ. ಮೂರು ಬೆರಳು ಹಿಡಿದು, ಮೆಟ್ಟಿಲ ಹತ್ತಿರ ಬಂದು, “ಸಿಂಗಾರ ಜಾಸ್ತಿ ಆಯ್ತು. ಮ್ಯಾಗ್ಲ ಭಾರಕ್ಕೆ ತಿರುವಲ್ಲಿ ಮಕಾಡೆ ಬೀಳ್ತದೆ,” ಅಂದರು.

“ನೀವು ಎತ್ತು ನೋಡ್ಕೊಳಿ ಮಾವ, ಕಾರು ನನಗೆ ಬಿಡಿ,” ಅಂತ ರೇಗಿಬಿಟ್ಟೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಕಾಫಿಗೆ ಇಳಿದರು.

ಮಾರನೇ ದಿನ ನಯಾಜ್ ಕಾರನ್ನು ಕೈಲಿ ಹಿಡಿದು, “ಕ್ಯಾ ಚೀಜ್ ಹೈ ಭಾಯ್! ಫಸ್ಟು ನಿಂದೇ ಕಣ್ಲಾ,” ಅಂದ. ಎರಡನೇ ತಿರುವಿನಲ್ಲಿ ನನ್ನ ಚೀಜು ಮಗುಚಿಕೊಂಡು ನೆಲಕ್ಕೆ ಬಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾವ ಆಡಬಹುದಾದ ಮಾತಿಗೆಲ್ಲ ಉತ್ತರ ಹೊಂದಿಸಿಕೊಂಡು ಬಂದೆ. ಅವರು ಜಗಲಿಯಲ್ಲೇ ಕೂತಿದ್ದರು. “ಪೆಟ್ಟಾಯ್ತಾ ಅದ್ಕೆ?” ಅಂತ ಮಾತ್ರ ಕೇಳಿದರು. ಹೊಂದಿಸಿಕೊಂಡು ಬಂದ ಉತ್ತರವೆಲ್ಲ ದಂಡ. ಅದಕ್ಕೂ ನನಗೆ ಸಿಟ್ಟೇ ಬಂತು.

ಹಸಿರು ಕಾರಿಗೆ ಎಂಟು ತಿಂಗಳು ಹಿಡಿಯಿತು. ಬಣ್ಣ ಒಂದೇ ಕೋಟು. ಬಾಡಿ ಒಳಗಿನಿಂದ ಕೆರೆದು ಕೆರೆದು ಹಾಳೆಯಷ್ಟು ತೆಳ್ಳಗೆ ಮಾಡಿದೆ, ಭಾರವನ್ನೆಲ್ಲ ತಳಕ್ಕಿಳಿಸಿದೆ. ಹಿಂದಿನ ಅಚ್ಚನ್ನು ಏಳು ಸಲ ಬದಲಾಯಿಸಿದೆ. ಅಷ್ಟರಲ್ಲಿ ಮಾವನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ನಮ್ಮನೆಗೇ ಕರೆತಂದು ಕೆಳಗಿನ ಹಾಲ್‌ನಲ್ಲಿ ಮಂಚ ಹಾಕಿದೆವು. ಬಲಗೈ ಬಲಗಾಲು ಸೋತಿದ್ದವು. ಮಾತು ತೊದಲುತ್ತಿತ್ತು. ತೀರಾ ಹತ್ತಿರ ಕಿವಿಯಿಟ್ಟರೆ ಒಂದೆರಡು ಪದ ತಿಳಿಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಮಹಡಿಯ ಟ್ರ್ಯಾಕನ್ನು ಬಿಚ್ಚಿ ಹಾಲ್‌ನಲ್ಲಿ ಜೋಡಿಸಿದೆ. ಅವರಿಗೆ ಕುಕ್ಕರುಗಾಲಲ್ಲಿ ಕೂರುವುದಕ್ಕೆ ಆಗದಲ್ಲ, ಕಾರು ಹಿಂದಿನಿಂದ ಕಾಣುವ ಹಾಗೆ ಮಂಚವನ್ನೇ ತಿರುಗಿಸಿದೆ. ಹಸಿರು ಕಾರು ಇಪ್ಪತ್ತು ಸುತ್ತು ಓಡಿತು. ಒಂದು ಕಡೆಯೂ ಬಾಲ ಅಲ್ಲಾಡಿಸಲಿಲ್ಲ. ಮಾವನ ಒಂದು ಕಣ್ಣು ಕಿರಿದಾಗಿದ್ದದ್ದು ಹಾಗೇ ಇತ್ತು.

ಟವೆಲ್ಲನ್ನು ನಾನೇ ತೆಗೆದು ನನ್ನ ಕೈ ಮೇಲೆ ಹಾಕಿಕೊಂಡೆ. ಎಡಗೈ ಚಾಚಿ ಅಂದರೆ ಬೇಡವೆಂದು ತಲೆಯಾಡಿಸಿದರು. ವ್ಯಾಪಾರ ಬಲಗೈಯಲ್ಲೇ ಆಗಬೇಕು. ಆ ಸೋತ ಕೈ ಮೆಲ್ಲಗೆ ತಡಕಿಕೊಂಡು ನನ್ನ ಕಿರುಬೆರಳು ಹಿಡಿಯಿತು. ಎರಡು. ಮೂರು. ನಾಲ್ಕು. ಹೆಬ್ಬೆರಳಿನ ಹತ್ತಿರ ಬಂದು ನಿಂತುಬಿಟ್ಟಿತು.

ಕಾದೆ. ಕೈ ಕದಲಲಿಲ್ಲ.

“ಇನ್ನೊಂದ್ಯಾಕಿಲ್ಲ ಮಾವ? ಏನ್ ಐಬು ಇದೆ ಇದ್ರಲ್ಲಿ?” ನಾನು ಕೂಗಿಯೇಬಿಟ್ಟೆ.

ಅವರು ಕಾರನ್ನು ನೋಡಿದರು. ಬೀದಿ ಬಾಗಿಲನ್ನು ನೋಡಿದರು. ಮತ್ತೆ ನನ್ನನ್ನು ನೋಡಿ “ಆ... ಆಚ್...” ಅಂದರು. ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಕಾರನ್ನು ಎತ್ತಿಕೊಂಡು ದಡದಡ ಮಹಡಿ ಹತ್ತಿದೆ. ನಲವತ್ತೇಳು ವರ್ಷದ ಗಂಡಸು, ಅಷ್ಟು ಸಣ್ಣತನ ತೋರಿಸಿದೆ.

ಅದಾದ ಒಂಬತ್ತನೇ ದಿನ ಮಾವ ಹೋದರು.

ತಿಥಿಯೆಲ್ಲ ಮುಗಿದ ಮೇಲೆ ಸವಿತಾಳಿಗೆ ಇದನ್ನು ಹೇಳಿದೆ. ಅವಳು, “ಅಪ್ಪಂಗೆ ಆ ಕೈಲಿ ಲೋಟ ಹಿಡಿಯಾಕೇ ಆಯ್ತಿರ್ನಿಲ್ಲ ಕಣ್ರೀ. ನಾಲ್ಕು ಬೆರಳು ಹಿಡ್ದಿದ್ದೇ ಎಷ್ಟು ಕಷ್ಟಪಟ್ಟೋ ಏನೋ,” ಅಂದಳು.

ಹಾಗಾದರೆ ಐದೇ ಇತ್ತೇ? ಐದಿದ್ದರೆ ಬಾಗಿಲ ಕಡೆ ಯಾಕೆ ನೋಡಿದರು? “ಆಚ್...” ಅಂದದ್ದು ‘ಆಚೆ’ ಅಂತ, ಕಾರಿನ ಮುಂದೆ ಐಬು ಆಡಬಾರದು ಅಂತಲೇ ಇರಬೇಕು. ಈಗ ನಾನೂ ಟ್ರ್ಯಾಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಕಿರಿದು ಮಾಡಿ ಹಸಿರು ಕಾರನ್ನು ನೋಡುತ್ತೇನೆ. ಮಂಡಿ ನೋಯುತ್ತದೆಯೇ ಹೊರತು ಏನೂ ಕಾಣುವುದಿಲ್ಲ. ನಾಲ್ಕೋ ಐದೋ ಒಂದು ಹೇಳಿ ಹೋಗಬಾರದಿತ್ತೇ ಅಂತ ಅವರ ಮೇಲೆ ಸಿಟ್ಟು ಬರುತ್ತದೆ. ಅವರು ಹೇಳುವುದಕ್ಕೇ ಹೊರಟಿದ್ದರು. ಅವರನ್ನು ಎತ್ತಿ ಆಚೆ ಜಗಲಿಯಲ್ಲಿ ಕೂರಿಸಿ, ಬಾಯಿಗೆ ಕಿವಿ ಕೊಡಬೇಕಿತ್ತು, ಅಷ್ಟೇ. ಮಂಚದಿಂದ ಬಾಗಿಲಿಗೆ ನಾಲ್ಕೇ ಹೆಜ್ಜೆ ಇತ್ತು.