ಕಾರಿಗೆ ಥಂಡಿ ತುಂಬಿದ ಬೇಸಿಗೆ

ಮುದ್ದೇಬಿಹಾಳದಿಂದ ಇಂಡಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಆ ಮನೆಯ ಎರಡು ಸಂಗತಿಗಳು ನನಗೆ ವಿಚಿತ್ರ ಅನ್ನಿಸಿದ್ದವು. ಒಂದು, ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದ ಕರಿ ಕಾರು. ಇನ್ನೊಂದು, ಅದೇ ಅಂಗಳದಲ್ಲಿ ದಿನವೂ ಓಡಾಡುತ್ತಿದ್ದ ಅಣ್ಣತಮ್ಮಂದಿರಿಬ್ಬರು ಒಬ್ಬರ ಮುಖ ಇನ್ನೊಬ್ಬರು ನೋಡದೆ ಇರುತ್ತಿದ್ದದ್ದು.

ಅಣ್ಣ ನನ್ನ ಮಾವ. ಚಡಚಣದ ಕಡೆ ಅವರ ದ್ರಾಕ್ಷಿ ತೋಟವಿತ್ತು. ಹಣ್ಣು ಕೊಳ್ಳಲು ಬರುತ್ತಿದ್ದ ಮುಂಬಯಿಯ ವ್ಯಾಪಾರಿಯೊಬ್ಬ ತಾನು ಹೊಸ ಗಾಡಿ ತಗೊಂಡಾಗ ಹಳೆಯದನ್ನು ಇವರಿಗೆ ಕೊಟ್ಟಿದ್ದ. ಅದರೊಳಗೆ, ಸ್ಟಿಯರಿಂಗ್ ಪಕ್ಕ ಕಾಲಿನ ಹತ್ತಿರ, ಮುಂಬಯಿಯ ಯಾವುದೋ ಗ್ಯಾರೇಜಿನವರು ಕೂಡಿಸಿದ ಕಬ್ಬಿಣದ ಪೆಟ್ಟಿಗೆಯೊಂದಿತ್ತು. ಗುಂಡಿ ತಿರುವಿದರೆ ಅದರಿಂದ ತಣ್ಣನೆಯ ಗಾಳಿ ಬರುತ್ತಿತ್ತಂತೆ. ಹೀಗಾಗಿ ಊರಲ್ಲಿ ಅದಕ್ಕೆ ಥಂಡಿ ಗಾಡಿ ಎಂದೇ ಹೆಸರು. ನಾನು ಬರುವಷ್ಟರಲ್ಲಿ ಆ ಥಂಡಿ ಹೋಗಿ ಹೆಸರಷ್ಟೇ ಉಳಿದಿತ್ತು. ಗುಂಡಿ ತಿರುವಿದರೆ ಮಾರ್ಚ್ ತಿಂಗಳಲ್ಲೂ ಒಲೆಯ ಮುಂದೆ ಕೂತಂಥ ಗಾಳಿ.

ತಮ್ಮ, ಅಂದರೆ ನಮ್ಮ ಸಣ್ಣ ಮಾವ, ಹರೆಯದಲ್ಲಿ ಸೊಲ್ಲಾಪುರದ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತು ಬಂದವರು. ಮದುವೆಯಾಗಿರಲಿಲ್ಲ. ಅಂಗಳದ ಸುತ್ತಲಿನ ಅದೇ ದೊಡ್ಡ ಮನೆಯ, ವಾಡೆಯ, ಪಡುವಣ ಭಾಗದಲ್ಲಿ ಅವರ ಮನೆ, ರಸ್ತೆಯ ಕಡೆಗೆ ಅವರ ಅಂಗಡಿ. ಊರಿನ ಪಂಪು, ಫ್ಯಾನು, ಔಷಧಿ ಅಂಗಡಿಯ ಫ್ರಿಜ್ಜು ಎಲ್ಲ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಕಾರಿನ ಯಂತ್ರವನ್ನೂ ಅವರು ಸರಿಮಾಡಬಲ್ಲರು ಎಂದು ಮಾವನಿಗೆ ಗೊತ್ತಿತ್ತು. ಆದರೆ ಕೇಳುವವರು ಯಾರು?

ಜಗಳ ಎತ್ತಿನದು. ತೀರಿಹೋದ ಅಜ್ಜ, ಅಂದರೆ ಇವರಿಬ್ಬರ ಅಪ್ಪ, ಕರುವಿನಿಂದ ಸಾಕಿದ ಜೋಡಿಯನ್ನು, ತಮ್ಮ ಸೊಲ್ಲಾಪುರದಲ್ಲಿದ್ದಾಗ, ಮಾವ ಚಡಚಣದ ಸಂತೆಯಲ್ಲಿ ಮಾರಿಬಿಟ್ಟಿದ್ದರು. ಸಣ್ಣ ಮಾವ ಹಬ್ಬಕ್ಕೆ ಊರಿಗೆ ಬಂದು, ಎತ್ತುಗಳು ಮೇಯುವ ಗೋದಲಿ ಖಾಲಿ ಇದ್ದದ್ದನ್ನು ನೋಡಿ, ಏನೂ ಕೇಳದೆ ತಿರುಗಿ ಹೋದರಂತೆ. ಆಮೇಲೆ ಊರಿಗೇ ಬಂದು ನೆಲೆಸಿದರೂ ಅಣ್ಣನ ಜೊತೆ ಮಾತಾಡಲಿಲ್ಲ. ಇದನ್ನು ನನಗೆ ಹೇಳಿದ್ದು ಅತ್ತೆ, ರೊಟ್ಟಿ ಬಡಿಯುತ್ತ. "ಇಬ್ರೂ ಕಲ್ಲ ಅದಾರವ್ವಾ. ನೀ ಒಳಗ ಬೀಳಬ್ಯಾಡ" ಎಂದೂ ಹೇಳಿದ್ದರು.

ಬಿದ್ದದ್ದು ಮಾತ್ರ ನಾನೇ.

ಮೊದಲ ಬಸಿರು ನನಗೆ ಉಳಿದಿರಲಿಲ್ಲ. ಎರಡನೆಯದು ಎಂಟು ತಿಂಗಳಿಗೆ ಬಂದಾಗ ಏಪ್ರಿಲ್ ಮುಗಿಯುತ್ತಿತ್ತು. ನಮ್ಮ ಮನೆಯವರು ಸಾಲಿ ಮಾಸ್ತರು. ಪರೀಕ್ಷೆಯ ಪೇಪರು ನೋಡಲು ಬಿಜಾಪುರಕ್ಕೆ ಹೋಗಿದ್ದರು. ಒಂದು ಮಧ್ಯಾಹ್ನ ಒಲೆಯ ಮುಂದೆ ನನಗೆ ಕಣ್ಣಿಗೆ ಕತ್ತಲೆ ಬಂತು. ಎಚ್ಚರಾದಾಗ ಅತ್ತೆಯ ತೊಡೆಯ ಮೇಲಿದ್ದೆ. ಡಾಕ್ಟರಬಾಯಿ ಬಂದು ನೋಡಿ, ಕೂಸು ಆರಾಮ ಇದೆ, ಆದರೆ ಈಕೆಯನ್ನು ಝಳಕ್ಕೆ ಒಡ್ಡಬೇಡಿ ಎಂದು ಹೇಳಿ ಹೋದರು. ಅದೇ ವಾರ ನನ್ನನ್ನು ಹೆರಿಗೆಗೆ ತವರಿಗೆ ಕಳಿಸುವುದಿತ್ತು. ರೂಢಿಯಂತೆ ನನ್ನ ಅಣ್ಣ ಬಂದು ಬಸ್ಸಿನಲ್ಲಿ ಕರಕೊಂಡು ಹೋಗಬೇಕು. ಆ ಬಿಸಿಲಲ್ಲಿ, ತಗಡಿನ ಬಸ್ಸಿನಲ್ಲಿ, ಸಿಂದಗಿ, ಬಾಗೇವಾಡಿ ದಾಟಿ ಮುದ್ದೇಬಿಹಾಳಕ್ಕೆ.

ಮಾವ ಪಡಸಾಲೆಯಲ್ಲಿ ಕೂತು ಬಹಳ ಹೊತ್ತು ಅಡಿಕೆ ಕತ್ತರಿಸಿದರು. ಆಮೇಲೆ ನನ್ನನ್ನು ಕರೆದು, ನನ್ನ ಕಡೆ ನೋಡದೆ ಹೇಳಿದರು:

"ಯವ್ವಾ, ಆ ಕಡಿ ಮನಿಗೆ ಹೋಗಿ ಒಂದ್ ಮಾತ್ ಕೇಳು. ಗಾಡಿಗೆ ಥಂಡಿ ಗ್ಯಾಸ್ ತುಂಬಾಕ ಬರ್ತದನು ಅಂತ. ನಾ ಕೇಳೀನಿ ಅನಬ್ಯಾಡ. ನೀನ ಕೇಳ್ದಂಗ ಕೇಳು."

ಹೋದೆ. ಸಣ್ಣ ಮಾವ ಒಂದು ಫ್ಯಾನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ನನ್ನನ್ನು ಕಂಡು ಮೊದಲು ಸ್ಟೂಲು ಸರಿಸಿ ಕೂಡಿಸಿದರು. ಕೇಳಿದೆ. ಅವರು ಸ್ಕ್ರೂ ಡ್ರೈವರ್ ಕೆಳಗಿಟ್ಟು, "ಇದನ್ನ ನೀನ ಕೇಳಾಕತ್ತೀದಿ, ಹೌದಿಲ್ಲ?" ಎಂದರು.

"ಹೌದ್ರಿ" ಎಂದೆ.

"ಹಂಗಾರ ನಾಳೆ ಮುಂಜಾನೆ ಬರ್ತೇನಿ. ನಿನ್ನ ಸಲುವಾಗಿ."

ಮರುದಿನ ಬಿಸಿಲು ಏರುವ ಮೊದಲೇ ಅವರು ಅಂಗಳಕ್ಕೆ ಬಂದರು. ತಲೆಯ ಮೇಲೆ ರುಮಾಲು, ಒಂದು ಕೈಯಲ್ಲಿ ಗ್ಯಾಸಿನ ಸಣ್ಣ ಸಿಲಿಂಡರು, ಇನ್ನೊಂದರಲ್ಲಿ ಗಡಿಯಾರದಂಥ ಎರಡು ಮುಖಗಳಿದ್ದ ಹಿತ್ತಾಳೆಯ ಸಾಧನ. ಅದು ಒತ್ತಡ ತೋರಿಸುವ ಮೀಟರು, ಅದಕ್ಕೆ ಮೂರು ರಬ್ಬರು ಕೊಳವೆಗಳು. ಮಾವ ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿದ್ದರು. ಅತ್ತೆ ಇಬ್ಬರ ನಡುವೆ, ನೆರಳಿನಲ್ಲಿ, ನನಗೊಂದು ಕುರ್ಚಿ ಹಾಕಿಸಿದರು.

"ಅವಗ ಹೇಳವ್ವಾ, ಬಾನೆಟ್ ತಗೀಲಿ ಅಂತ" ಎಂದರು ಸಣ್ಣ ಮಾವ.

ನಾನು ಹೇಳಬೇಕೆನ್ನುವಷ್ಟರಲ್ಲಿ ಮಾವ ಎದ್ದು ಬಾನೆಟ್ ತೆಗೆದಿದ್ದರು.

"ಕೇಳವ್ವಾ, ಎಲ್ಲಿ ಸೋರಾಕತ್ತೇತಿ ಅಂತ" ಎಂದರು ಮಾವ.

"ಸಬಕಾರದ ನೊರಿ ಹಚ್ಚಿದ್ರ ತಿಳೀತೈತಿ ಅಂತ ಹೇಳವ್ವಾ."

ಸೋರುವ ಜಾಗ ಹುಡುಕುವುದಕ್ಕೆ ಮೊದಲು ಸಣ್ಣ ಮಾವ ಕೊಳವೆಯೊಳಗೆ ಸ್ವಲ್ಪ ಗ್ಯಾಸು ಬಿಟ್ಟರು. ಅತ್ತೆ ಬೋಗುಣಿಯಲ್ಲಿ ಬಟ್ಟೆ ಸಾಬೂನು ಕದಡಿ ತಂದರು. ಸಣ್ಣ ಮಾವ ಗಡ್ಡ ಮಾಡಿಕೊಳ್ಳುವ ಬ್ರಶ್ಶಿನಿಂದ ಪ್ರತಿಯೊಂದು ಕೂಡಿಕೆಗೂ ನೊರೆ ಬಳಿಯುತ್ತ ಹೋದರು, ಮದುಮಗನಿಗೆ ಅರಿಷಿಣ ಹಚ್ಚುವಂತೆ ನಿಧಾನಕ್ಕೆ. ಮುಂದುಗಡೆಯ ಒಂದು ಕೂಡಿಕೆಯಲ್ಲಿ ನೊರೆ ತಾನಾಗಿಯೇ ಉಬ್ಬಿ ಸಣ್ಣ ಗುಳ್ಳೆಗಳನ್ನು ಬಿಡತೊಡಗಿತು. ಮಾವನೂ ಬಗ್ಗಿ ನೋಡಿದರು. ಇಬ್ಬರ ರುಮಾಲುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು, ಇಬ್ಬರೂ ಒಮ್ಮೆಲೇ ಹಿಂದೆ ಸರಿದರು.

ಆ ಕೂಡಿಕೆಯನ್ನು ಬಿಚ್ಚಿ, ತಾಮ್ರದ ಕೊಳವೆಯ ಬಾಯಿಯನ್ನು ಹೊಸದಾಗಿ ಅಗಲಿಸಿ, ಬಿಗಿದರು. ಆಮೇಲೆ ಹಳೆಯ ಫ್ರಿಜ್ಜೊಂದರ ಕಂಪ್ರೆಸರನ್ನು ಕಟ್ಟೆಯ ಮೇಲಿಟ್ಟು, ಅದರಿಂದ ಕೊಳವೆಯೊಳಗಿನ ಗಾಳಿಯನ್ನೆಲ್ಲ ಎಳೆಸಿದರು. ಒಳಗೆ ಗಾಳಿ, ಪಸೆ ಉಳಿದರೆ ಗ್ಯಾಸು ಕೆಲಸ ಮಾಡುವುದಿಲ್ಲವಂತೆ. ಅದು ಗುರ್ ಎನ್ನುತ್ತ ಕೂತಿರಲು ಅತ್ತೆ ಎಲ್ಲರಿಗೂ ಅವಲಕ್ಕಿ ಕೊಟ್ಟರು. ಸಣ್ಣ ಮಾವ ಆ ಮನೆಯ ತಾಟಿನಲ್ಲಿ ತಿಂದು ವರ್ಷಗಳಾಗಿದ್ದವು. ಅವರ ತಾಟಿಗೆ ಮಾತ್ರ ಶೇಂಗಾ ಹೆಚ್ಚಿಗೆ ಬಿದ್ದಿತ್ತು.

ಗ್ಯಾಸು ತುಂಬುವಾಗ ಎಂಜಿನ್ ಓಡುತ್ತಿರಬೇಕು. ಮಾವ ಸ್ಟಿಯರಿಂಗಿನ ಮುಂದೆ ಕೂತರು. ತೆಗೆದ ಬಾನೆಟ್ಟಿನ ಆಚೆ ಸಣ್ಣ ಮಾವ, ಮೀಟರಿನ ಮುಂದೆ. ಗ್ಯಾಸು ಬೇಗ ಹರಿಯಲೆಂದು ಸಿಲಿಂಡರನ್ನು ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದರು. ಅತ್ತೆ ಒಲೆಯಿಂದ ಕುದಿಯುವ ನೀರು ತಂದಾಗ ಅವರು ಬಕೆಟ್ಟಿನ ಮೇಲೆ ಕೈ ಅಡ್ಡ ಹಿಡಿದು, "ವೈನಿ, ಇದು ಕೂಸಿಗೆ ಎರಿಯೂ ನೀರಿನಷ್ಟ ಇರಬೇಕು. ಹೆಚ್ಚಾದ್ರ ಸಿಲಿಂಡರ್ ಒಡೀತೈತಿ" ಎಂದು ತಣ್ಣೀರು ಬೆರೆಸಿದರು. 'ಕೂಸಿಗೆ' ಎಂದಾಗ ಒಂದು ಕ್ಷಣ ನನ್ನ ಕಡೆ ನೋಡಿದರು.

ಎಂಜಿನ್ ಚಾಲೂ ಆಯಿತು. ಅದರ ಸದ್ದಿನಲ್ಲಿ ನನ್ನ ಕೆಲಸ ಕಷ್ಟವಾಯಿತು.

"ರೇಸ್ ಕೊಡಂತ ಹೇಳವ್ವಾ."

"ಮಾವಾರ, ರೇಸ್ ಕೊಡಬೇಕಂತ್ರಿ."

"ಎಷ್ಟ್ ಕೊಡ್ಲಿ ಕೇಳು."

"ಎಷ್ಟ್ ಅಂತ ಕೇಳಾಕತ್ತಾರ್ರಿ."

"ಸ್ವಲ್ಪ. ಅಲ್ಲ, ಅಷ್ಟಲ್ಲ. ಕಡಿಮಿ."

ಹೀಗೆ ಅತ್ತಿಂದಿತ್ತ ಕೂಗಿ ನನಗೆ ಏದುಸಿರು ಬಂತು. ಕೊಳವೆಯ ದಾರಿಯಲ್ಲಿ ಬೆರಳಿನ ಉಗುರಿನಷ್ಟು ಅಗಲದ ಗಾಜಿನ ಕಣ್ಣೊಂದಿತ್ತು. ಅದರೊಳಗೆ ಗುಳ್ಳೆಗಳು ಹರಿಯುವುದು ಕಾಣುತ್ತಿತ್ತು. ಗುಳ್ಳೆ ನಿಂತು ತಿಳಿಯಾದರೆ ಸಾಕಷ್ಟು ತುಂಬಿದಂತೆ. ಸಣ್ಣ ಮಾವ ಅದನ್ನೇ ನೋಡುತ್ತಿದ್ದರು. ನಾನು ಮೀಟರಿನ ಮುಳ್ಳುಗಳನ್ನು ನೋಡುತ್ತಿದ್ದೆ. ಬಿಸಿಲು ಏರಿತ್ತು, ಎರಡು ಮೀಟರುಗಳಲ್ಲಿ ದೊಡ್ಡದರ ಮುಳ್ಳು ಒಮ್ಮೆಲೇ ಮೇಲಕ್ಕೆ ಹತ್ತತೊಡಗಿತು. ಸಣ್ಣ ಮಾವನ ಕಣ್ಣಿಗೂ ಬಿತ್ತು. ನನ್ನ ಕಡೆ ತಿರುಗಲಿಲ್ಲ.

"ಅಣ್ಣಾ, ಬಂದ್ ಮಾಡು. ಎಂಜಿನ್ ಬಂದ್ ಮಾಡು."

ಎಂಜಿನ್ ನಿಂತಿತು. ಬಕೆಟ್ಟಿನ ಅಂಚಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಅತ್ತೆ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದರು. ಮಾವ ಕಾರಿನಿಂದ ಇಳಿಯಲಿಲ್ಲ. ಒಳಗಿನಿಂದಲೇ, ಮೆಲ್ಲಗೆ ಕೇಳಿದರು:

"ಏನಾತೋ?"

"ಮುಂದಿನ ಜಾಳಿಗಿ ಕಾದೈತಿ. ನೀರು ಹೊಡೀಬೇಕು."

"ನಾ ಹೊಡೀತೇನಿ. ನೀ ಮೀಟರ್ ನೋಡು."

ಮಾವ ಇಳಿದು, ಕೊಡದಿಂದ ನೀರು ಚಿಮುಕಿಸಿ ರೇಡಿಯೇಟರಿನ ಮುಂದಿನ ಜಾಳಿಗೆಯನ್ನು ತಣಿಸಿದರು. ಮತ್ತೆ ಚಾಲೂ ಮಾಡಿದರು. ಈ ಸಲ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ, "ಸಾಕೇನೋ", "ತಡಿ, ಇನ್ನಾ ಗುಳ್ಳಿ ಅದಾವು", "ಈಗ?", "ಈಗ ಬಂದ್ ಮಾಡು" ಎನ್ನುವ ದನಿಗಳನ್ನು ಕೇಳುತ್ತ ಕೂತೆ. ಕೊನೆಗೆ ನನ್ನನ್ನು ಕರೆದು ಕಾರಿನೊಳಗೆ ಕೂಡಿಸಿ ಬಾಗಿಲು ಹಾಕಿದರು. ಆ ಪೆಟ್ಟಿಗೆಯಿಂದ ಬಂದ ಗಾಳಿ ಕುತ್ತಿಗೆಗೆ ತಾಗಿದಾಗ, ಮೈಮೇಲಿನ ಬೆವರು ಆರಿ, ಸಣ್ಣಗೆ ನಡುಕ ಬಂತು. ಕೂಸು ಹೊಟ್ಟೆಯಲ್ಲಿ ಮಗ್ಗಲು ಬದಲಿಸಿತು. ಕಿಟಕಿಯ ಗಾಜಿನ ಆಚೆ ಇಬ್ಬರೂ ಬಗ್ಗಿ ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕೆ. ಅವರೂ ನಕ್ಕರು, ನನ್ನ ಕಡೆಗೇ ನೋಡಿ.

ನನ್ನ ಅಣ್ಣನಿಗೆ ಬರುವುದು ಬೇಡ ಎಂದು ಹೇಳಿಕಳಿಸಿ, ಎರಡು ದಿನ ಬಿಟ್ಟು ಹೊರಟೆವು. ಮಾವ ಕಾರು ನಡೆಸುತ್ತಿದ್ದರು. ಯಂತ್ರ ನೋಡಿಕೊಳ್ಳಲು ಬೇಕೆಂದು ಸಣ್ಣ ಮಾವ ಅವರ ಪಕ್ಕದಲ್ಲಿ. ಹಿಂದೆ ನಾನು, ಅತ್ತೆ. ಸಿಂದಗಿಯವರೆಗೆ ಇಬ್ಬರೂ ಮಾತಾಡಿದ್ದು ವೇಗದ ಬಗ್ಗೆ ಅಷ್ಟೇ. ಹೊರಗೆ ಕರಿ ಹೊಲಗಳು ಬಾಯಿ ಬಿಟ್ಟು ಮಲಗಿದ್ದವು. ಒಳಗೆ ಅತ್ತೆ ಶಾಲು ಹೊದ್ದು ಕೂತಿದ್ದರು. ಸಿಂದಗಿ ದಾಟಿದ ಮೇಲೆ ಗಾಳಿ ಸಣ್ಣಗಾಗುತ್ತ ಬಂದು ನಿಂತೇಹೋಯಿತು.

"ಹೋತಲ್ಲೋ ಗ್ಯಾಸು" ಎಂದರು ಮಾವ.

"ಹೋಗಿಲ್ಲ. ಒಳಗ ಬರ್ಫ ಕಟ್ಟೇತಿ. ಕರಗೂತನಕ ನಿಂದ್ರಸು."

ರಸ್ತೆಯ ಬದಿಯ ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಿ ಇಬ್ಬರೂ ಕೆಳಗಿಳಿದರು. ಅತ್ತೆಗೆ ನಿದ್ದೆ ಹತ್ತಿತ್ತು. ನನ್ನ ಕಿಟಕಿ ತೆರೆದಿತ್ತು. ಮೋರಟಗಿ ಊರಿನ ಕಡೆ ಹೋಗುವ ಚಕ್ಕಡಿಯೊಂದು ಎದುರಿಗೆ ಬಂದು ದಾಟಿತು. ಇಬ್ಬರೂ ಅದರ ಎತ್ತುಗಳನ್ನು ನೋಡುತ್ತ ನಿಂತರು. ಚಕ್ಕಡಿ ದೂರ ಹೋದ ಮೇಲೆ ಮಾವ ಹೇಳಿದರು:

"ಅಪ್ಪ ಹೋದ ಮ್ಯಾಲ ಬಲಗಡಿ ಎತ್ತು ಮೇವು ಮುಟ್ಟತಿದ್ದಿಲ್ಲ. ದಿನಾ ಮುಂಜಾನೆ ಅಪ್ಪ ಕೂಡತಿದ್ದ ಕಟ್ಟಿ ಕಡೆ ನೋಡ್ಕೋತ ನಿಂದ್ರತಿತ್ತು. ನನಗ ನೋಡಾಕ ಆಗ್ಲಿಲ್ಲ. ಅದಕ್ಕ ಕೊಟ್ಟೆ."

ಸಣ್ಣ ಮಾವ ರುಮಾಲು ತೆಗೆದು ಕುತ್ತಿಗೆ ಒರೆಸಿಕೊಂಡರು. "ಇದನ್ನ ಆವಾಗ ಹೇಳಬೇಕಿತ್ತು ನೀ."

"ನೀ ಎಲ್ಲಿ ಕೇಳಿದಿ?"

ಸಣ್ಣ ಮಾವ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡರು.

"ಎತ್ತ ಮೋರಟಗಿ ಊರಾಂವ ತಗೊಂಡಿದ್ದ ಅಂತ ತಿಳೀತು" ಎಂದರು ಸಣ್ಣ ಮಾವ. "ಆ ವರ್ಷಾನ ಹೋಗಿ ನೋಡಿ ಬಂದೇನಿ."

ಮಾವ ತಿರುಗಿ ತಮ್ಮನನ್ನು ನೋಡಿದರು. "ಮೇಯ್ತಿತ್ತೇನು?"

"ಮೇಯ್ತಿತ್ತು. ಚೊಲೊ ಇಟ್ಟಿದ್ದ."

ಮಾವ ತಲೆಯಾಡಿಸಿ, ಮರದ ಆಚೆ ಹೋಗಿ ಮುಖ ತೊಳೆದುಕೊಂಡು ಬಂದರು. ಬಾಗೇವಾಡಿಯಲ್ಲಿ ಚಹಾ ಕುಡಿಯಲು ನಿಂತಾಗ ಅವರೇ ಎರಡು ಕಪ್ಪು ಹಿಡಿದು ಬಂದು, ಒಂದನ್ನು ತಮ್ಮನ ಕೈಗೆ ಕೊಟ್ಟರು.

ಮುದ್ದೇಬಿಹಾಳ ಮುಟ್ಟಿದಾಗ ಸಂಜೆಯಾಗಿತ್ತು. ನಮ್ಮ ಓಣಿಯ ಹೆಂಗಸರೆಲ್ಲ ಕಾರಿನ ಕಿಟಕಿಯೊಳಗೆ ಕೈ ಹಾಕಿ ಥಂಡಿ ನೋಡಿ ಹೋದರು. ನನ್ನ ಅವ್ವ ನನ್ನ ಕೆನ್ನೆ ಮುಟ್ಟಿ, "ಇಷ್ಟ್ ತಣ್ಣಗ ಯಾಕ ಆಗೀದಿ ನನ್ನವ್ವಾ" ಎಂದು ಗಾಬರಿಯಾದಳು. ಮಾವ, ಸಣ್ಣ ಮಾವ ಇಬ್ಬರೂ ಒಟ್ಟಿಗೆ ಕಾರಣ ಹೇಳತೊಡಗಿದರು.

ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ. ತೊಟ್ಟಿಲಿಗೆ ಹಾಕುವ ದಿನ ಅಣ್ಣತಮ್ಮಂದಿರು ಅದೇ ಕಾರಿನಲ್ಲಿ ಬಂದರು. ಗ್ಯಾಸು ಮತ್ತೆ ಸೋರಿಹೋಗಿತ್ತು. ಅಂಗಿಗಳು ಮೈಗೆ ಅಂಟಿಕೊಂಡಿದ್ದವು. ಆ ಯಂತ್ರ ಇನ್ನೂ ಕೆಲವು ಬೇಸಿಗೆ ನಡೆಯಿತು. ಪ್ರತಿ ವರ್ಷ ಬೇವಿನ ಗಿಡದ ಕೆಳಗೆ ಸಾಬೂನಿನ ನೊರೆ, ಬಕೆಟ್ಟು, ಮೀಟರು. ನಾನು ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರಿಬ್ಬರು ಊರವರ ಹಾಗೆ ಹರಟೆ ಹೊಡೆಯುವವರಾಗಲಿಲ್ಲ. ಗಾಡಿ, ಗ್ಯಾಸು, ತೋಟದ ಪಂಪು, ಇಷ್ಟೇ ಮಾತು. ಆದರೆ ಆ ಮಾತು ಒಂದು ದಿನವೂ ತಪ್ಪುತ್ತಿರಲಿಲ್ಲ.

ಕಾರು ಹೋಗಿ ಬಹಳ ವರ್ಷಗಳ ಮೇಲೆ ಮಾವ ಹಾಸಿಗೆ ಹಿಡಿದರು. ಅದೂ ಬೇಸಿಗೆಯೇ. ಸಣ್ಣ ಮಾವ ಅವರ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ಹಿಂದೆ ಫ್ಯಾನು ಕೂಡಿಸಿ, ಮುಂಜಾನೆಯಿಂದ ಸಂಜೆಯವರೆಗೆ ತಟ್ಟಿಗೆ ನೀರು ಚಿಮುಕಿಸುತ್ತಿದ್ದರು. ನಾನು ಚಹಾ ತಗೊಂಡು ಹೋದರೆ, ಕೋಣೆಯ ತುಂಬ ತೊಯ್ದ ಬೇರಿನ ವಾಸನೆ ಇರುತ್ತಿತ್ತು. ಮಾವ ಕಣ್ಣು ಮುಚ್ಚಿಕೊಂಡೇ, "ಇನ್ನೊಂದೀಟು ಹೊಡಿ" ಎನ್ನುತ್ತಿದ್ದರು. ಸಣ್ಣ ಮಾವ ತಂಬಿಗೆ ಹಿಡಿದು ಏಳುತ್ತಿದ್ದರು.